ಸರಪಳಿಯ ಈಚೆ ಕೋಕಬ್

ನವಾಸರ ಎಂಬ ಊರಿನ ಕೋಕಬ್‌ಳನ್ನು ಕೇಳಿದರೆ ದಮಾವಂದ್ ಪರ್ವತಕ್ಕೆ ಎರಡೇ ಕಾಲ: ಸರಪಳಿ ಹಾಕುವ ಕಾಲ, ಸರಪಳಿ ತೆಗೆಯುವ ಕಾಲ. ಊರಿನ ಮೇಲ್ತುದಿಯಲ್ಲಿ, ಅವಳ ಮನೆಯ ಜಗಲಿಗೆ ತಾಗಿದಂತೆ ಆ ಸರಪಳಿ ರಸ್ತೆಗೆ ಅಡ್ಡ ಬಿದ್ದಿರುತ್ತದೆ. ಅದರಾಚೆ ಮಣ್ಣಿನ ದಾರಿ ಸುತ್ತಿ ಬಳಸಿ ಕುರಿಹಟ್ಟಿಯವರೆಗೆ ಹೋಗುತ್ತದೆ. ಪರ್ವತ ಹತ್ತುವವರು ಗಾಡಿ ಬಿಟ್ಟು ಕಾಲಿಗೆ ಕೆಲಸ ಕೊಡುವುದು ಅಲ್ಲಿಂದ. ವಸಂತದಲ್ಲಿ ಯಂತ್ರ ಬಂದು ದಾರಿಯ ಹಿಮ ತೆಗೆದುಹೋದರೂ ಮೇಲಿನಿಂದ ಹಿಮ ಜಾರಿ ಬೀಳುವ ಭಯ ತಪ್ಪಿದ್ದಲ್ಲ. ರಾತ್ರಿ ಆಕಾಶ ತಿಳಿಯಾಗಿದ್ದರೆ ಹಿಮ ಕಲ್ಲಾಗುತ್ತದೆ, ಬೆಳಗಿನ ಜಾವ ಯಾರು ಬೇಕಾದರೂ ಹೋಗಿಬರಬಹುದು. ದಾರಿಯ ತಿರುವಿನ ಮೇಲಿನ ಇಳಿಜಾರಿಗೆ ಬಿಸಿಲು ಬಿತ್ತೋ, ಮುಗಿಯಿತು, ಸರಪಳಿಗೆ ಬೀಗ ಜಡಿಯಬೇಕು. ಮೋಡ ಕವಿದ ರಾತ್ರಿ ಹಿಮ ಗಟ್ಟಿಯಾಗುವುದೇ ಇಲ್ಲ, ಮಾರನೆಯ ದಿನವಂತೂ ಬೀಗ ತೆಗೆಯುವ ಮಾತೇ ಇಲ್ಲ.

ಈ ಕೆಲಸ ಹೆಸರಿಗೆ ಅವಳ ಗಂಡ ಎಸ್ಫಂದಿಯಾರನದು. ಆ ಮಹಾನುಭಾವ ಸದಾ ಕುರಿಗಳ ಹಿಂದೆ, ಬೀಗದ ಕೈ ಸದಾ ಹೆಂಡತಿಯ ಸೊಂಟದಲ್ಲಿ. ಮದುವೆಯಾಗಿ ಬಂದಾಗಿನಿಂದ ಊರೂರಿನವರನ್ನು ಮೇಲಕ್ಕೆ ಬಿಟ್ಟವಳು ಅವಳು. ತಾನು ಮಾತ್ರ ವಸಂತದಲ್ಲಿ ಒಮ್ಮೆಯೂ ಹೋದವಳಲ್ಲ.

ಬೇಸಿಗೆಯಲ್ಲಿ ಹೋಗಿದ್ದಾಳೆ, ಹಾಲು ಕರೆಯಲು, ಮೊಸರು ಕಡೆಯಲು. ಆಗ ಅಲ್ಲಿರುವುದು ಧೂಳು ಮತ್ತು ನೊಣ. ಅವಳಿಗೆ ಬೇಕಾದದ್ದು ಹಟ್ಟಿಯ ಮೇಲಿನ ಕೊರಕಲಿನ ಹಿಮ. ವಸಂತದಲ್ಲಿ ಆ ಕೊರಕಲು ಬುಡದಿಂದ ತುದಿಯವರೆಗೆ ಬೆಳ್ಳಗೆ ತುಂಬಿರುತ್ತದೆ. ಹತ್ತುವವರು ಬೂಟಿಗೆ ಉಕ್ಕಿನ ಹಲ್ಲು ಕಟ್ಟಿಕೊಂಡು ಅದರ ಮೇಲೆ ನೆಟ್ಟಗೆ ಏರುತ್ತಾರೆ. ಮುಂಜಾನೆಯ ಹಿಮ ಕಾಲಡಿಯಲ್ಲಿ ಕರಕರ ಎನ್ನುವುದನ್ನು ಅವರು ಬಣ್ಣಿಸುತ್ತಿದ್ದರೆ, ಚಹಾ ಕೊಡುತ್ತಾ ಕೇಳಿ ಕೇಳಿ ಕೋಕಬ್‌ಗೆ ಹುಚ್ಚು ಹಿಡಿದಿತ್ತು. ಒಂದೇ ಒಂದು ಸಲ ತನ್ನ ಕಾಲಡಿಯಲ್ಲಿ ಆ ಸದ್ದು ಕೇಳಬೇಕು. ಅಷ್ಟೇ ಆಸೆ. ಆದರೆ ಊರಿನವರಲ್ಲಿ ವಸಂತದಲ್ಲಿ ಮೇಲೆ ಹೋಗುವವರು ಗಂಡಸರು, ಹೆಂಗಸರ ಸರದಿ ಹುಲ್ಲು ಬಂದ ಮೇಲೆ. ಯಾವ ಪುಣ್ಯಾತ್ಮ ಮಾಡಿದ ಕಟ್ಟಳೆಯೋ, ಅವನ ಮನೆ ಹಾಳಾಗ! ಈಚೆಗೆ ಮಂಡಿ ಬೇರೆ ಕೈಕೊಡತೊಡಗಿತ್ತು. ಈ ವಸಂತ ತಪ್ಪಿದರೆ ಇನ್ನಿಲ್ಲ ಎಂದು ಅವಳಿಗೆ ಗೊತ್ತಿತ್ತು.

ನವಾಸರದಲ್ಲಿ ವರ್ಷಕ್ಕೊಮ್ಮೆ ಹಿಮ ತುಂಬುವ ದಿನ ಬರುತ್ತದೆ. ಅಂದು ಗಂಡಸರೆಲ್ಲ ಪಕ್ಕದ ಗುಡ್ಡಕ್ಕೆ ಹೋಗಿ, ಹಿಮ ಕಡಿದು, ಕಲ್ಲಿನ ಬಾವಿಗೆ ತುಂಬಿ ತುಳಿಯುತ್ತಾರೆ. ಬೇಸಿಗೆಯಲ್ಲಿ ಕುರಿಗಳಿಗೆ ಅದೇ ನೀರು. ಊರಲ್ಲಿ ಸಂಜೆಯವರೆಗೆ ಹೆಂಗಸರ ರಾಜ್ಯ. ಒಬ್ಬಳು ರಾಣಿಯಾಗುತ್ತಾಳೆ, ಅವಳ ಮಾತು ಮೀರುವಂತಿಲ್ಲ. ಮೀಸೆ ಕಂಡರೆ ಪೊರಕೆ ಸೇವೆ. ಆ ವರ್ಷ ರಾಣಿಯಾದವಳು ಎಸ್ಫಂದಿಯಾರನ ತಂಗಿ ತೂಬಾ. ತಲೆಯ ಮೇಲೆ ತಾಮ್ರದ ಪಾತ್ರೆ, ಮೈಮೇಲೆ ಗಂಡನ ಕೋಟು. ಬಾಯಂತೂ ಕೇಳಲೇಬೇಡಿ.

ಅಂದು ಬೆಳಿಗ್ಗೆ ಟೆಹ್ರಾನಿನಿಂದ ಒಂದು ಕಾರು ಬಂತು. ಪರ್ವತ ಹತ್ತುವ ಮೂವರು ಹುಡುಗಿಯರು. ಹೊತ್ತಿಗೆ ಸರಿಯಾಗಿ ಬರುವುದು ಬಿಟ್ಟು, ದಾರಿಯಲ್ಲಿ ಕುರಿತಲೆಯ ಸಾರಿನ ಆಸೆಗೆ ಕುಳಿತುಬಿಟ್ಟಿದ್ದರು. ಬಿಸಿಲು ಆಗಲೇ ಇಳಿಜಾರಿನ ಅಂಚಿಗೆ ಬಂದಿತ್ತು. ಅವರಲ್ಲಿ ಹಿರಿಯಳಾದ ಸೆಪಿದೆ ಎದೆಯ ಮೇಲೆ ಕೈಯಿಟ್ಟು ಬೇಡಿಕೊಂಡಳು: ನಾಳೆ ಕೆಲಸಕ್ಕೆ ಹೋಗಬೇಕು, ಕೊರಕಲು ಹತ್ತಿ ಸಂಜೆಗೆ ಇಳಿದುಬಿಡುತ್ತೇವೆ. ಆಗಲೇ ತೂಬಾ ನಡುವೆ ಬಾಯಿ ಹಾಕಿದ್ದು.

"ಅತ್ತಿಗೆ, ಇವತ್ತು ನಿನ್ನ ಗಂಡನೂ ಇಲ್ಲ, ಅವನ ಕಾನೂನೂ ಇಲ್ಲ. ಬೀಗ ತೆಗಿ. ತೆಗೆದು ನೀನೂ ಕಾರು ಹತ್ತು. ಆ ಕೊರಕಲು ನೋಡ್ತಾ ನಿಂತು ಹಾಲು ಉಕ್ಕಿಸಿದ್ದು ಸಾಕು, ರಾಣಿ ಹೇಳ್ತಿದೀನಿ."

ಹೆಂಗಸರೆಲ್ಲ ಘೊಳ್ಳೆಂದು ನಕ್ಕರು. ಕೋಕಬ್ ನಾಚಿ ನೀರಾದಳು. ತನ್ನ ಆಸೆ ತನ್ನೊಬ್ಬಳಿಗೇ ಗೊತ್ತು ಎಂದುಕೊಂಡಿದ್ದಳು ಪಾಪ, ಊರಿಗೇ ಗೊತ್ತಿತ್ತು. ಬೀಗ ತೆಗೆದಳು. ಮಗನ ರಬ್ಬರ್ ಬೂಟು ಹಾಕಿಕೊಂಡು ಹಿಂದಿನ ಸೀಟಿನಲ್ಲಿ ಕುಳಿತಳು. ಪಕ್ಕದ ಹುಡುಗಿ ಹಿಮಗೊಡಲಿಯನ್ನು ಅವಳ ಮಡಿಲಲ್ಲಿಟ್ಟಳು. ಕಾರು ಸರಪಳಿ ದಾಟಿದಾಗ ಕೋಕಬ್‌ಗೆ ಅಳು ನಗು ಎರಡೂ ಒಟ್ಟಿಗೇ ಬಂದವು.

ತಿರುವು ಹತ್ತಿರವಾಯಿತು. ಅವಳು ಗಾಜಿನಿಂದ ಮೇಲೆ ನೋಡಿದಳು. ಬಿಸಿಲು ಬಿದ್ದ ಕಡೆ ಒಂದು ಸಣ್ಣ ಹಿಮದ ಉಂಡೆ ತಾನಾಗಿಯೇ ಉರುಳಿ ಬಂತು. ಅದರ ಹಿಂದೆ ಇನ್ನೊಂದು, ಆಮೇಲೆ ನಾಲ್ಕಾರು. ಅದು ಏನು ಎಂದು ಆ ಊರಿನ ಮಕ್ಕಳಿಗೂ ಗೊತ್ತು. ಒಳಗೆ ನೀರಾಗಿದೆ, ಇನ್ನು ಇಡೀ ಇಳಿಜಾರೇ ಯಾವಾಗ ಬೇಕಾದರೂ ಜಾರಬಹುದು. ಕಾರು ನಿಲ್ಲಿಸಲು ಹೇಳಿದಳು.

"ಖಾಲೆ, ಒಂದೇ ನಿಮಿಷದ ದಾರಿ. ಜೋರಾಗಿ ದಾಟಿಬಿಡ್ತೀನಿ," ಎಂದಳು ಸೆಪಿದೆ, ಚಿಕ್ಕಮ್ಮನನ್ನು ಪುಸಲಾಯಿಸುವಂತೆ.

ದಾಟಿಬಿಡಲಿ ಎಂದೇ ಕೋಕಬ್‌ಗೂ ಅನ್ನಿಸಿತು. ಅನ್ನಿಸದೇ ಇರುತ್ತದೆಯೇ? ಕೊರಕಲು ಅಲ್ಲೇ, ತಿರುವಿನಾಚೆ ಕಾಣುತ್ತಿತ್ತು. ತಾನೊಬ್ಬಳೇ ಆಗಿದ್ದರೆ ದಾಟಿಯೇ ಬಿಡುತ್ತಿದ್ದಳೇನೋ.

"ಹಿಂದಕ್ಕೆ ತಿರುಗ್ಸಮ್ಮ," ಎಂದಳು. "ಏನಾದ್ರೂ ಆದ್ರೆ ನಿನ್ನ ಹೆತ್ತೋಳಿಗೆ ನಾನು ಏನಂತ ಹೇಳ್ಲಿ?"

ಊರಿಗೆ ಮರಳಿದ ಹುಡುಗಿಯರು ಸ್ವಲ್ಪ ಹೊತ್ತು ಮುಖ ಊದಿಸಿಕೊಂಡಿದ್ದು, ಆಮೇಲೆ ಹೆಂಗಸರ ಜೊತೆ ಸೇರಿ ಕುಣಿದರು, ಹೊಟ್ಟೆತುಂಬ ಆಶ್ ಗಂಜಿ ಕುಡಿದರು. ಕೋಕಬ್ ಮಾತ್ರ ಒಂದು ತುತ್ತೂ ಮುಟ್ಟದೆ, ಸರಪಳಿಯ ಪಕ್ಕ ಕುಳಿತು ತಿರುವನ್ನೇ ನೋಡುತ್ತಿದ್ದಳು. ಬೀಳಲಿ, ಒಮ್ಮೆ ಬಿದ್ದುಬಿಡಲಿ ಎಂದು ದೇವರನ್ನು ಬೇಡಿಕೊಂಡಳು. ಬಿದ್ದರೆ, ತಾನು ಹೋಗದಿದ್ದುದಕ್ಕೆ ಒಂದು ಅರ್ಥವಾದರೂ ಇರುತ್ತಿತ್ತು. ಮಧ್ಯಾಹ್ನ ಕಳೆಯಿತು. ನೆರಳು ಬಂದು ಇಳಿಜಾರನ್ನು ಮುಚ್ಚಿತು. ಒಂದು ಹಿಡಿ ಹಿಮವೂ ರಸ್ತೆಗೆ ಬೀಳಲಿಲ್ಲ. ಹುಡುಗಿಯರು ಅವಳ ಕೆನ್ನೆಗೆ ಮುತ್ತಿಟ್ಟು ಟೆಹ್ರಾನಿಗೆ ಹೊರಟುಹೋದರು.

ಸಂಜೆ ಗಂಡಸರು ಬಿಸಿಲಿಗೆ ಸುಟ್ಟ ಮುಖ ಹೊತ್ತು ಬಂದರು. ಎಸ್ಫಂದಿಯಾರ್ ನಡೆದ ಸಂಗತಿ ಅರ್ಧ ಕೇಳಿ, ರಸ್ತೆಯತ್ತ ಒಮ್ಮೆ ನೋಡಿ ಹೇಳಿದ:

"ಏನೂ ಬಿದ್ದೇ ಇಲ್ವಲ್ಲ. ಪಾಪ, ಆ ಹುಡುಗೀರನ್ನ ಬಿಡಬಹುದಾಗಿತ್ತು."

ತೂಬಾಳ ಕಿರೀಟ ಇಳಿದಿತ್ತು, ಬಾಯಿ ಇಳಿದಿರಲಿಲ್ಲ. "ಹುಡುಗೀರ ಮಾತು ಹಾಗಿರ್ಲಿ ಅಣ್ಣ. ಆ ಕಾರಲ್ಲಿ ನಿನ್ನ ಹೆಂಡ್ತಿ ಕೂತಿದ್ಲು. ಆ ಹಿಮದ ಮೇಲೊಂದು ಸಲ ಕಾಲಿಡ್ಬೇಕು ಅಂತ ಇಷ್ಟು ವರ್ಷದಿಂದ ಕಾಯ್ತಿದ್ಲು. ತಿರುವಿನ ತನಕ ಹೋಗಿ, ತಾನೇ ವಾಪಸ್ ಬಂದ್ಲು."

ತಮಾಷೆ ಎಂದುಕೊಂಡು ಅವನು ನಗಲು ಹೋದ. ಹೆಂಡತಿಯ ಮುಖ ನೋಡಿ ನಗು ನುಂಗಿದ. ಕೆಟ್ಟ ಮನುಷ್ಯನಲ್ಲ ಅವನು, ಎಂದೂ ಕೇಳಿದವನಲ್ಲ, ಅಷ್ಟೇ. ಬೂಟಿನ ದಾರವನ್ನು ಬಿಚ್ಚಿ, ಮತ್ತೆ ಕಟ್ಟಿ, ಕೊನೆಗೆ ಬಾಯಿ ಬಿಟ್ಟ.

"ನಾಳೆ ಬೆಳಗಿನ ಜಾವ ಹೊರಡು. ನಾನೇ ಕರ್ಕೊಂಡು ಹೋಗ್ತೀನಿ. ರೊಟ್ಟಿ ಗಿಟ್ಟಿ ಆಮೇಲೆ ನೋಡ್ಕೊಳ್ಳೋಣ."

ಬಾಳಿನುದ್ದಕ್ಕೂ ಕಾದಿದ್ದ ಮಾತು. ಕೋಕಬ್ ಜಗಲಿಗೆ ಹೋಗಿ ಮೇಲೆ ನೋಡಿದಳು. ಪಡುವಣದಿಂದ ಬಂದ ಬೂದು ಮೋಡ ಶಿಖರವನ್ನು ನುಂಗಿತ್ತು. ಹೊತ್ತು ಮುಳುಗಿದರೂ ಸೂರಿನಿಂದ ನೀರು ತೊಟ್ಟಿಕ್ಕುವುದು ನಿಂತಿರಲಿಲ್ಲ. ಆ ಬೆಚ್ಚನೆಯ ಮೋಡ ಒಮ್ಮೆ ಕೂತರೆ ವಾರಗಟ್ಟಲೆ ಕದಲುವುದಿಲ್ಲ, ಅಷ್ಟರಲ್ಲಿ ಕೊರಕಲಿನ ಹಿಮ ಕೊಳೆತು ಒಡೆದುಹೋಗುತ್ತದೆ. ಅವಳು ಒಳಗೆ ಬಂದು, ಸೊಂಟದ ಬೀಗದ ಕೈ ಬಿಚ್ಚಿ ಗಂಡನ ಕೈಯಲ್ಲಿಟ್ಟಳು.

"ನಾಳೆ ಯಾರನ್ನೂ ಮೇಲಕ್ಕೆ ಬಿಡ್ಬೇಡಿ," ಎಂದಳು. "ನನ್ನನ್ನೂ."