ಕಣ್ಣು ತೆರೆಸುವ ಕುಂಚ

ನನ್ನ ಅಣ್ಣ ಕಾಶಿ ಕಂಡ, ಹಿಮಾಲಯ ಕಂಡ, ಸಮುದ್ರ ಕಂಡ. ನಾನು ಕಂಡದ್ದು ಗಜೇಂದ್ರಗಡ, ರೋಣ, ನರಗುಂದ. ಬಹಳವೆಂದರೆ ನೆರೆ ಇಳಿದ ಮೇಲೆ ಹೊಳೆಮಣ್ಣೂರಿನ ಕೆಸರು. ಹೊಟ್ಟೆಕಿಚ್ಚು ಪಟ್ಟೆಯಾ ಎಂದು ಕೇಳಿದರೆ, ಹೌದು, ಪಟ್ಟೆ. ಈ ವಯಸ್ಸಿನಲ್ಲಿ ಮುಚ್ಚಿಟ್ಟು ಏನಾಗಬೇಕಾಗಿದೆ?

ಅಣ್ಣನೆಂದರೆ ದೊಡ್ಡಪ್ಪನ ಮಗ. ತಂದೆ ತಾಯಿ ಇಲ್ಲದೆ ನಮ್ಮ ಮನೆಯಲ್ಲೇ ಬೆಳೆದವನು. ನಮ್ಮದು ಗಜೇಂದ್ರಗಡದ ಚಿತ್ರಗಾರರ ಮನೆ. ಗೋಡೆಗೆ ದೇವರು, ತೊಟ್ಟಿಲಿಗೆ ಗಿಳಿ, ಪಲ್ಲಕ್ಕಿಗೆ ಹೂಬಳ್ಳಿ ಬರೆದು ಬದುಕುವವರು. ಇಬ್ಬರಿಗೂ ಕೈ ಹಿಡಿದು ಕಲಿಸಿದವನು ನನ್ನ ಅಪ್ಪನೇ. ಮನೆಯಲ್ಲಿ ಒಂದು ಕಟ್ಟುಪಾಡಿತ್ತು. ಚಿತ್ರವನ್ನು ಯಾರೇ ಬರೆಯಲಿ, ಕಣ್ಣು ಮಾತ್ರ ಖಾಲಿ ಬಿಡಬೇಕು. ಕೊನೆಯ ದಿನ ಅಪ್ಪ ಮಿಂದು ಬಂದು, ಅಳಿಲಿನ ಬಾಲದ ಕೂದಲಿನ ಸಣ್ಣ ಕುಂಚದಿಂದ ಕಣ್ಣು ತೆರೆಸುತ್ತಿದ್ದ. ಕೂಡಲೇ ಚಿತ್ರಕ್ಕೆ ಕನ್ನಡಿ ಹಿಡಿಯಬೇಕು. ತೆರೆದ ಕಣ್ಣು ಮೊದಲು ತನ್ನನ್ನೇ ನೋಡಿಕೊಳ್ಳಬೇಕು. ಅಲ್ಲಿಗೆ ಕೆಲಸ ಮುಗಿಯಿತು. ಆ ಕುಂಚ ಅಜ್ಜನಿಂದ ಅಪ್ಪನಿಗೆ ಬಂದದ್ದು. ಅಪ್ಪನಿಂದ ಯಾರಿಗೆ? ಬಾಯಿ ಬಿಟ್ಟು ಕೇಳದೆ ನಾನು ಜನ್ಮದಲ್ಲಿ ಬೇಡಿಕೊಂಡದ್ದು ಅದೊಂದನ್ನೇ.

ಅಣ್ಣ ಇಪ್ಪತ್ತರ ಹೊತ್ತಿಗೆ ಮನೆ ಬಿಟ್ಟ. ನೆಲ ಅಳೆಯಲು ಬಂದ ಕಂಪನಿಯ ಸಾಹೇಬನೊಬ್ಬ, ಇವನು ಕೋಟೆಯ ಗುಡ್ಡವನ್ನು ಕಾಗದದ ಮೇಲೆ ಇಳಿಸಿದ್ದನ್ನು ನೋಡಿ, ತನ್ನ ಸಂಗಡ ಕರೆದುಕೊಂಡು ಹೋದ. ಸಾಹೇಬ ಅಳೆದದ್ದನ್ನೆಲ್ಲ ಇವನು ಬರೆಯಬೇಕು: ಗುಡ್ಡ, ಹೊಳೆ, ಘಾಟು. ಎಂಟು ವರ್ಷ. ಆ ಎಂಟು ವರ್ಷವೂ ನಾನು ಅಪ್ಪನ ಪಕ್ಕ ಕೂತು ನರೇಗಲ್ಲಿನ ಮದುವೆ ಮನೆಗಳಿಗೆ, ಅಸೂಟಿಯ ಗುಡಿಗೆ ದೇವರನ್ನು ಬರೆದೆ. ಅಪ್ಪನ ಕೈ ನಡುಗತೊಡಗಿತು. ಆದರೂ ಕುಂಚ ಕೊಡಲಿಲ್ಲ. ‘ನೋಡೂಣಂತ’ ಅನ್ನುತ್ತಿದ್ದ. ಏನನ್ನು ನೋಡುವುದು, ಅಣ್ಣನ ದಾರಿಯನ್ನೇ?

ಬಂದ. ನರಗುಂದದ ಮೇಲೆ ಕಂಪನಿಯ ತೋಪಿನ ದಂಡು ಬರುವುದಕ್ಕೆ ಆಗ ಇನ್ನೂ ಮೂರು ನಾಲ್ಕು ವರ್ಷವಿತ್ತು. ತಗಡಿನ ಕೊಳವೆಯಿಂದ ಸುರುಳಿ ಸುರುಳಿ ಚಿತ್ರ ಹೊರಗೆ ತೆಗೆದ. ಅಪ್ಪ ಉಣ್ಣುವುದನ್ನೂ ಮರೆತು ಒಂದೊಂದನ್ನೇ ನೋಡಿದ. ನನ್ನ ಚಿತ್ರಗಳನ್ನು ಅವನು ತಪ್ಪು ಸಿಗುವವರೆಗೆ ಮಾತ್ರ ನೋಡುತ್ತಿದ್ದ. ಓಣಿಯ ಜನ ಮೂಗಿನ ಮೇಲೆ ಬೆರಳಿಟ್ಟರು. ನನ್ನ ಹೆಂಡತಿ ಕೂಡ! ಹಿಮಾಲಯದ ನೆತ್ತಿಯೂ ನಮ್ಮ ಊರ ಗುಡ್ಡದ ಹಾಗೆ ಚಪ್ಪಟೆಯಾಗಿದೆಯಲ್ಲ ಎಂದು ನಾನೊಂದು ಚುಚ್ಚುಮಾತು ಆಡಿದೆ. ಅಣ್ಣ ಬಗ್ಗಿ ನೋಡಿ, ಖರೇ ಎಂದು ಒಪ್ಪಿಕೊಂಡುಬಿಟ್ಟ. ಜಗಳವಾದರೂ ಆಡಬಾರದೇ, ಪುಣ್ಯಾತ್ಮ!

ಸುದ್ದಿ ನರಗುಂದಕ್ಕೆ ಮುಟ್ಟಿತು. ಅಲ್ಲಿ ಹತ್ತಿಯ ವ್ಯಾಪಾರಿಯೊಬ್ಬ ಹೊಸ ಮನೆ ಕಟ್ಟಿಸಿದ್ದ. ಪಡಸಾಲೆಯ ಇಡೀ ಗೋಡೆಗೆ ದೇವರ ಬದಲು ಅಣ್ಣ ಕಂಡ ದೇಶಗಳೇ ಬೇಕೆಂದ. ಅಪ್ಪ ನನ್ನನ್ನೂ ಕಳಿಸಿದ, ಬಣ್ಣ ಅರೆಯಲು. ಎಂಟು ವರ್ಷ ದೇವರನ್ನು ಬರೆದ ಕೈಗೆ ಅರೆಯುವ ಕಲ್ಲು! ನಲವತ್ತು ದಿನ ಗೋಡೆಯ ಬುಡದಲ್ಲಿ ಕೂತು ಹಲ್ಲು ಕಚ್ಚಿಕೊಂಡು ಅರೆದೆ. ಸಮುದ್ರಕ್ಕೆಂದು ಅಣ್ಣ ಮೂರು ದಿನ ಬರೀ ನೀಲಿಯನ್ನೇ ಅರೆಸಿದ. ಇಷ್ಟು ನೀಲಿ ಎಲ್ಲಿರುತ್ತದೆ, ಸುಳ್ಳುಗಾರ, ಅಂದುಕೊಂಡೆ. ತಲೆ ಎತ್ತಿ ಗೋಡೆಯ ಕಡೆ ನೋಡಲಿಲ್ಲ. ನೋಡಲಿಕ್ಕೆ ಊರ ಜನ ಬರುತ್ತಿದ್ದರಲ್ಲ, ಅವರು ನೋಡಿಕೊಳ್ಳಲಿ.

ಕೆಲಸ ಮುಗಿಯುವ ದಿನ ಅಣ್ಣ ಹೊರಗೆ ಹೋಗಿದ್ದ. ವ್ಯಾಪಾರಿಯ ಮುದಿ ತಾಯಿ ಬಂದು, ಕಣ್ಣು ಯಾವತ್ತು ತೆರೆಸುತ್ತೀರಿ, ಕನ್ನಡಿ ತೆಗೆದಿಡಲೇ ಎಂದು ಕೇಳಿದಳು. ಚಿತ್ರವೆಂದರೆ ಆಕೆಗೆ ಕಣ್ಣಿರುವಂಥದ್ದೇ. ನಮ್ಮ ಕಡೆ ಎಲ್ಲರಿಗೂ ಅಷ್ಟೇ. ಗುಡ್ಡಕ್ಕೂ ಹೊಳೆಗೂ ಆ ಶಾಸ್ತ್ರವಿಲ್ಲ ಎಂದು ನಾನು ತಿಳಿಸಿ ಹೇಳಬಹುದಿತ್ತು. ಹೇಳಲಿಲ್ಲ.

‘ಇದಕ್ಕ ಕಣ್ಣ ಇಲ್ರಿ ಅವ್ವಾರ,’ ಅಂದೆ. ‘ಕಣ್ಣ ತೆರಸದ ಗ್ವಾಡಿ ನಮ್ಮ ಮನ್ಯಾವ್ರು ಯಾರಿಗೂ ಕೊಟ್ಟಿಲ್ಲ. ಕುರುಡ ಗ್ವಾಡಿ ಇದು.’

ಮುಂದಿನ ತಿಂಗಳು ಅದೇ ಪಡಸಾಲೆಯಲ್ಲಿ ಆಕೆಯ ಮೊಮ್ಮಗಳ ಮದುವೆ. ಕುರುಡು ಗೋಡೆಯ ಎದುರು ಅಕ್ಕಿಕಾಳು ಹಾಕುವುದೇ? ಮುದುಕಿ ಊಟ ಬಿಟ್ಟು ಕೂತಳು. ಸುಣ್ಣ ಹೊಡೆಸಿ ಎಲ್ಲ ಅಳಿಸದಿದ್ದರೆ ತಾನು ಈ ಮನೆಯಲ್ಲಿ ಇರುವುದಿಲ್ಲ ಎಂದಳು. ವ್ಯಾಪಾರಿ ತಾಯಿಗೂ ಗೋಡೆಗೂ ನಡುವೆ ಸಿಕ್ಕಿ ಒದ್ದಾಡಿದ. ಸಂಜೆ ಅಣ್ಣ ಬಂದಾಗ ಅವನಿಗೆ ಎಲ್ಲ ತಿಳಿಯಿತು, ಕಿಡಿ ಹಚ್ಚಿದವನು ಯಾರೆಂಬುದೂ. ನನ್ನನ್ನು ಬೈಯಲಿಲ್ಲ. ಕಾಕಾನನ್ನು ಕರೆಸಿರಿ ಎಂದಷ್ಟೇ ವ್ಯಾಪಾರಿಗೆ ಹೇಳಿದ. ನನಗೆ ಒಳಗೊಳಗೇ ಹಾಲು ಕುಡಿದಷ್ಟು ಸಂತೋಷ. ಅಪ್ಪ ಬರುತ್ತಾನೆ, ಕಣ್ಣಿಲ್ಲದ್ದು ಚಿತ್ರವೇ ಅಲ್ಲ ಅನ್ನುತ್ತಾನೆ, ಗೋಡೆಗೆ ಸುಣ್ಣ ಬೀಳುತ್ತದೆ, ಕುಂಚ ನನಗೆ.

ಕರೆ ಮುಟ್ಟಿದ ಕೂಡಲೇ ಹೊರಟು, ರೋಣದಲ್ಲಿ ಒಂದು ರಾತ್ರಿ ಉಳಿದು, ಎರಡನೆಯ ದಿನ ಅಪ್ಪ ಗಾಡಿಯಲ್ಲಿ ಬಂದಿಳಿದ. ಕುಂಚವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೇ ಬಂದಿದ್ದ. ಗೋಡೆಯ ಈ ತುದಿಯಿಂದ ಆ ತುದಿಯವರೆಗೆ ಮೂಗು ತಾಗುವಷ್ಟು ಹತ್ತಿರದಿಂದ ನೋಡುತ್ತ ಸಾಗಿದ. ಬಲಗಡೆ ಕೆಳಗೆ, ನಾನು ದಿನವೂ ಕೂರುತ್ತಿದ್ದ ಜಾಗಕ್ಕೆ ಮೊಳದಷ್ಟು ದೂರದಲ್ಲಿ, ಕುಕ್ಕರಿಸಿಬಿಟ್ಟ.

‘ಇಲ್ಲಿ ಬಾ,’ ಎಂದು ನನ್ನನ್ನು ಕರೆದ. ‘ಇಂವ ಯಾರು?’

ಅಲ್ಲಿ ಗಜೇಂದ್ರಗಡದ ಗುಡ್ಡವಿತ್ತು. ಅದರ ಬುಡದಲ್ಲಿ ನಮ್ಮ ಮನೆ. ಕಟ್ಟೆಯ ಮೇಲೆ ಹೆಬ್ಬೆರಳಿನಷ್ಟು ದೊಡ್ಡ ಗಂಡಸು, ತೊಡೆಯ ಮೇಲೆ ಹಲಗೆ ಇಟ್ಟುಕೊಂಡು ದೇವರನ್ನು ಬರೆಯುತ್ತ, ತಲೆ ಎತ್ತಿದ್ದಾನೆ. ನನ್ನ ಮೂಗು, ನನ್ನ ಗದ್ದದ ಮೇಲಿನ ಕಲೆ, ನಾನು ಸುತ್ತುವ ರುಮಾಲು. ಮುಖವೆಲ್ಲ ಪೂರ್ತಿಯಾಗಿದೆ, ಕಣ್ಣಿನ ಜಾಗ ಎರಡೂ ಖಾಲಿ. ಆ ಬಣ್ಣ ಅರೆದುಕೊಟ್ಟವನು ನಾನೇ. ನಲವತ್ತು ದಿನದಲ್ಲಿ ಒಂದು ದಿನವೂ ನೋಡಿರಲಿಲ್ಲ.

ಅಪ್ಪ ಕುಂಚ ತೆಗೆದ. ನನ್ನ ಕಡೆ ತಿರುಗಲಿಲ್ಲ. ಅಣ್ಣನ ಕಡೆ ಕೈ ಚಾಚಿದ.

‘ತಗೋ. ಇನ್ನ ಇದು ನಿಂದು.’

ಅಣ್ಣ ಎರಡೂ ಕೈ ಹಿಂದೆ ಕಟ್ಟಿಕೊಂಡ.

‘ಬ್ಯಾಡ್ರಿ ಕಾಕಾ. ಆ ಕಣ್ಣ ಅವಗಂತ ಬಿಟ್ಟೀನಿ. ನಾ ಊರೂರು ತಿರಗಾಂವ. ಅದು ಮನ್ಯಾಗ ಇರೂ ಕುಂಚ.’

ಅಪ್ಪ ಚಾಚಿದ ಕೈಯನ್ನೇ ನನ್ನ ಕಡೆ ತಿರುಗಿಸಿದ. ನಾನು ಮಿಂದು ಬಂದು ನನ್ನ ಕಣ್ಣು ನಾನೇ ತೆರೆಸಿದೆ. ಮುದುಕಿ ಕನ್ನಡಿ ಹಿಡಿದಳು. ಅದರಲ್ಲಿ ಸಣ್ಣ ನಾನು ಕಂಡೆ, ಅವನ ಹಿಂದೆ ದೊಡ್ಡ ನಾನು. ಸಣ್ಣವನ ಮುಖವೇ ಚಲೋ ಇತ್ತು. ಮುದುಕಿ ದೃಷ್ಟಿಯಾಗದಿರಲೆಂದು ನೆಟಿಗೆ ಮುರಿದು ಊಟಕ್ಕೆ ಎದ್ದಳು. ಗೋಡೆ ಉಳಿಯಿತು.

ಮೂರನೆಯ ದಿನ ಅಣ್ಣ ಮತ್ತೆ ಹೊರಟುಹೋದ, ಮತ್ತೆ ಬರಲಿಲ್ಲ. ಕುಂಚ ಇವತ್ತಿಗೂ ನನ್ನ ಹತ್ತಿರವೇ ಇದೆ. ಕೂದಲು ಎಷ್ಟೋ ಸಲ ಬದಲಿಸಿದ್ದೇನೆ, ಹಿಡಿ ಅದೇ. ಕಣ್ಣು ತೆರೆಸುವುದರಲ್ಲಿ ನನ್ನ ಸಮ ಈ ಸೀಮೆಯಲ್ಲಿ ಯಾರೂ ಇಲ್ಲ ಅನ್ನುತ್ತಾರೆ. ನಾನೂ ಇಲ್ಲ ಅನ್ನುವುದಿಲ್ಲ. ಆದರೆ ಅಪ್ಪನ ಕೈ ಮೊದಲು ಯಾರ ಕಡೆ ಹೋಗಿತ್ತೆಂದು ನನಗೆ ಗೊತ್ತು. ಅಣ್ಣ ಬೇಡವೆಂದದ್ದು ನನಗೆ ಸಿಕ್ಕಿತು.