ಬೆವರಿದ ಜಗ್ಗು

ಇಗರ್ಜಿಯ ಬಾಗಿಲಲ್ಲಿಟ್ಟ ಪವಿತ್ರ ಜಲವನ್ನೂ ಡೀಲಿಯಾ ಗೆರಾಟಿ ಮನೆಗೆ ಒಯ್ದು, ಕುದಿಸಿ, ಆರಿಸಿ, ಆಮೇಲೆ ಹಣೆಗೆ ಹಚ್ಚಿಕೊಳ್ಳುತ್ತಾಳೆ ಅಂತ ಕಿಲ್‌ಡರ್ರಾದ ಜನ ಆಡಿಕೊಳ್ಳುತ್ತಿದ್ದರು. ಮಳೆ ಹಿಡಿದರೆ ಸಾಕು, ಅಂಗಡಿ ಬಾಗಿಲಿಂದ ಯಾರಾದರೂ ಕೂಗುತ್ತಿದ್ದರು: "ಡೀಲಿಯಾ, ಕೆಟಲ್ ತಗೊಂಡು ಹೊರಗೆ ಬಾರೇ, ಮೋಡಾನೂ ಒಂದ್ಸಲ ಕುದಿಸ್ಬಿಡು!"

"ಮೊದ್ಲು ನಿನ್ನ ನಾಲಿಗೆ ಕುದಿಸ್ತೀನಿ, ತಡಿ" ಎಂದು ಅವಳು ನಕ್ಕು ಮುಂದೆ ಹೋಗುತ್ತಿದ್ದಳು.

ಐರ್ಲೆಂಡಿನ ಪಡುವಣ ಅಂಚಿನ ಆ ಪುಟ್ಟ ಊರಿಗೆ ನೀರು ಬರುತ್ತಿದ್ದುದು ಮೇಲಿನ ಸರೋವರದಿಂದ. ಸರೋವರದ ಸುತ್ತ ದನ ಮೇಯುತ್ತಿದ್ದವು. ಯಾವ ಔಷಧಿ ಹಾಕಿದರೂ ಸಾಯದ ಒಂದು ಕ್ರಿಮಿ ನಲ್ಲಿಗಳಿಗೆ ಇಳಿದಿದೆ, ಕುದಿಸಿಯೇ ಕುಡಿಯಿರಿ ಅಂತ ಮನೆಮನೆಗೆ ಚೀಟಿ ಬಂದು, ಅಂಟಿಸಿದ ಗೋಡೆಯಲ್ಲೇ ಅದು ಬಣ್ಣಗೆಟ್ಟಿತ್ತು. ಊರಿಗೆ ಅದರ ಬಿಸಿ ತಟ್ಟಲಿಲ್ಲ. ಏಳುತ್ತ ಚಹಾ, ಮಲಗುತ್ತ ಚಹಾ. ಕುದಿಯದ ನೀರು ಅಲ್ಲಿನವರ ಹೊಟ್ಟೆಗೆ ಹೋಗುವುದೇ ಅಪರೂಪ.

ಡೀಲಿಯಾಳ ಪಾಡು ಬೇರೆ. ಅವಳ ಗಂಡ ಫೆಸ್ಟಿಯ ಹೊಟ್ಟೆಯಲ್ಲಿದ್ದುದು ಸತ್ತ ಯಾರದೋ ಮೂತ್ರಪಿಂಡ. ಅದನ್ನು ಮೈ ತಳ್ಳಿಬಿಡದ ಹಾಗೆ ಅವನು ನುಂಗುತ್ತಿದ್ದ ಮಾತ್ರೆಗಳು ಮೈಯ ಕಾವಲನ್ನೇ ಮಲಗಿಸಿಬಿಟ್ಟಿದ್ದವು. "ಬೇರೆಯವ್ರಿಗೆ ಈ ಕ್ರಿಮಿ ಅಂದ್ರೆ ಒಂದಷ್ಟು ದಿನ ಭೇದಿ. ಇವ್ರಿಗೆ ಹಾಗಲ್ಲ" ಎಂದಿದ್ದರು ಡಬ್ಲಿನ್ನಿನ ಡಾಕ್ಟರು. ಅಂದಿನಿಂದ ಹಲ್ಲುಜ್ಜುವ ನೀರು, ಸೊಪ್ಪು ತೊಳೆಯುವ ನೀರು, ಎಲ್ಲವೂ ಅವಳ ಒಲೆಯ ಮೇಲೆ ಏರಿ ಇಳಿಯಬೇಕಿತ್ತು. "ನೀನು ಮದ್ವೆಯಾಗಿದ್ದು ಕೆಟಲ್‌ನ. ನಾನು ಅದರ ಜೊತೆ ಬಂದ ಬಳುವಳಿ" ಎಂದು ಫೆಸ್ಟಿ ಕಾಡಿಸುತ್ತಿದ್ದ.

ಹಿಂದೆ ನೀರು ಜಿಲ್ಲಾ ಆಡಳಿತದವರ ಕೈಯಲ್ಲಿದ್ದಾಗ, ಭಾನುವಾರದ ಪೂಜೆ ಮುಗಿಸಿ ಹೊರಬರುವ ಎಂಜಿನಿಯರನ ತೋಳು ಹಿಡಿದು ನಿಲ್ಲಿಸಿ ಬೈಯಬಹುದಿತ್ತು. ಈಗ ದೇಶದ ನಲ್ಲಿಗಳೆಲ್ಲ ಒಂದೇ ದೊಡ್ಡ ಸಂಸ್ಥೆಗೆ ಸೇರಿದ್ದವು. ಫೋನು ಮಾಡಿದರೆ ಒಂದನ್ನು ಒತ್ತಿ, ಎರಡನ್ನು ಒತ್ತಿ ಎನ್ನುತ್ತಿತ್ತು. ಒತ್ತಿ ಒತ್ತಿ ಬೆರಳು ನೋಯುತ್ತಿತ್ತು. ಆ ಸಂಸ್ಥೆಯ ಮೇಲೆ ಕಣ್ಣಿಡಲು ಇನ್ನೊಂದು ಇಲಾಖೆ. ಅದರ ತಪಾಸಣೆಯ ಹೆಣ್ಣುಮಗಳು ಗ್ರಾನ್ಯ ಮಲ್ಕ್ವೀನ್ ವರ್ಷಕ್ಕೊಮ್ಮೆ ಊರ ಸಭಾಭವನಕ್ಕೆ ಬರುತ್ತಿದ್ದಳು.

"ಹೊಸ ಶುದ್ಧೀಕರಣ ಘಟಕ ಮುಂದಿನ ವರ್ಷ ಅಂದಿದ್ದಾರೆ" ಎಂದಳು ಗ್ರಾನ್ಯ.

"ಹೋದ್ವರ್ಷಾನೂ ಅದೇ ಅಂದ್ರಲ್ಲಮ್ಮ" ಎಂದು ಡೀಲಿಯಾ ಎದ್ದು ನಿಂತಳು. "ನೀವು ಅವ್ರ ಮೇಲಿನವ್ರು ತಾನೇ?"

"ಮಾಡಿ ಅಂತ ಆಜ್ಞೆ ಹೊರಡಿಸ್ಬಹುದು, ಕೋರ್ಟಿಗೆ ಎಳೀಬಹುದು. ಪೈಪ್ ಹೂಳೋಕೆ ನನ್ನ ಕೈಲಾಗಲ್ಲ, ಮಿಸೆಸ್ ಗೆರಾಟಿ."

"ಸರಿ ಹಾಗಾದ್ರೆ. ನೀವು ನೋಡ್ತಾ ಇರಿ, ನಾನು ಕುದಿಸ್ತಾ ಇರ್ತೀನಿ."

ಜನ ನಕ್ಕರು. ಗ್ರಾನ್ಯ ನಗಲಿಲ್ಲ.

ಆ ವಸಂತದಲ್ಲಿ ಫೆಸ್ಟಿಯ ಅಣ್ಣ ಕೋಲ್ಮನ್ ತೀರಿಕೊಂಡ. ಮದುವೆಯಾಗದ ಜೀವ, ಹೆಣವನ್ನು ಇವರ ಮನೆಯಲ್ಲೇ ಇಟ್ಟು ಜಾಗರಣೆ ಮಾಡಿದರು. ಸಾವಿನ ಮನೆಯ ಪದ್ಧತಿಯಂತೆ ಗಡಿಯಾರ ನಿಲ್ಲಿಸಿ, ಕನ್ನಡಿಗೆ ಬಟ್ಟೆ ಹೊದಿಸುವ ಮೊದಲೇ ಡೀಲಿಯಾ ಹಂಡೆಗಟ್ಟಲೆ ನೀರು ಕುದಿಸಿ ಒಲೆಯ ಪಕ್ಕ ಇಟ್ಟಿದ್ದಳು. ಅಡಿಗೆಮನೆಯನ್ನು ಪಕ್ಕದ ಮನೆಯ ನೋನಿ ಟಾರ್ಪಿ ವಹಿಸಿಕೊಂಡಳು. ಇಬ್ಬರೂ ಒಂದೇ ಬೆಂಚಿನಲ್ಲಿ ಕೂತು ಅಕ್ಷರ ಕಲಿತವರು.

ಊರಿಗೆ ಊರೇ ಬಂತು. ಜಪಮಾಲೆ ಮುಗಿದ ಮೇಲೆ ಫೆಸ್ಟಿ ಲೋಟ ಎತ್ತಿದ. "ಕೋಲ್ಮನ್ ಹೆಸರಲ್ಲಿ ಒಂದೇ ಒಂದು, ಬೈಬೇಡ ಕಣೇ." ತಳದಲ್ಲಿ ತುಸು ವಿಸ್ಕಿ, ಮೇಲೆ ಜಗ್ಗಿನಿಂದ ತುಂಬ ನೀರು. ಒಂದೇ ಗುಟುಕಿಗೆ ಮುಗಿಸಿ ಅವನು ಕಣ್ಣು ಮುಚ್ಚಿದ. "ಆಹಾ! ಎಷ್ಟು ವರ್ಷ ಆಗಿತ್ತು ಇಂಥ ತಣ್ಣನೆ ನೀರು ಕುಡಿದು."

ಡೀಲಿಯಾ ಜಗ್ಗಿನ ಕಡೆ ನೋಡಿದಳು. ಅದರ ಮೈಯೆಲ್ಲ ಬೆವರಿತ್ತು. ಒಲೆಯ ಪಕ್ಕದ ಬೆಚ್ಚನೆ ನೀರು ತುಂಬಿದ ಜಗ್ಗು ಬೆವರುವುದುಂಟೇ?

ನೋನಿ ತೋಳು ಮಡಚಿಕೊಂಡು ಒಳಗಿಂದ ಇಣುಕಿದಳು. "ಖಾಲಿಯಾಗಿತ್ತು, ತುಂಬಿಸಿಟ್ಟೆ. ನೀನು ಏಳ್ಬೇಡ, ಸುಮ್ನೆ ಕೂತ್ಕೋ. ಬೆಳಗಿಂದ ಒಂದೇ ಸಮ ಓಡಾಡಿದ್ದೀಯ."

ಜಾಗರಣೆಯ ಮನೆಯಲ್ಲಿ ವಿಸ್ಕಿಗೆ ಬೆರೆಸುವ ನೀರಿನ ಜಗ್ಗು ಖಾಲಿ ಇರಬಾರದು. ನಲ್ಲಿಗೆ ಹೋದ ನೋನಿಯ ಕೈ ತಾಯಂದಿರ ಕಾಲದಿಂದ ಬಂದ ಆ ಮರ್ಯಾದೆ ನಡೆಸಿತ್ತು, ಅಷ್ಟೆ. ಡೀಲಿಯಾ ಜಗ್ಗು ಒಯ್ದು ಹಿತ್ತಲಲ್ಲಿ ಸುರಿದು, ಕೆಟಲ್‌ನಿಂದ ಮತ್ತೆ ತುಂಬಿ, ಬಂದು ಹೆಣದ ಪಕ್ಕ ಕೂತಳು. ಯಾರಿಗೂ ಹೇಳಲಿಲ್ಲ. ಅವಳ ಪ್ರಾರ್ಥನೆಯೆಲ್ಲ ಕೋಲ್ಮನ್ನನಿಗೇ ಅಂತ ಜನ ಅಂದುಕೊಂಡರು.

ಕೋಲ್ಮನ್ನನ ಗೋರಿಯ ಮಣ್ಣು ಇನ್ನೂ ಕುಸಿದಿರಲಿಲ್ಲ, ಫೆಸ್ಟಿ ಹಾಸಿಗೆ ಹಿಡಿದ. ಆಸ್ಪತ್ರೆಯಲ್ಲಿ ಅದೇ ಕ್ರಿಮಿ ಸಿಕ್ಕಿತು. ಭೇದಿ ನಿಲ್ಲಲಿಲ್ಲ, ಮೂತ್ರಪಿಂಡ ಹೋಯಿತು, ಆಮೇಲೆ ಅವನೂ ಹೋದ. ಅಣ್ಣನ ಪಕ್ಕದಲ್ಲೇ ಮಲಗಿಸಿದರು.

ಬೇಸಿಗೆಯಲ್ಲಿ ಗ್ರಾನ್ಯ ಮನೆಗೇ ಬಂದಳು. ಅಡಿಗೆಮನೆಯಲ್ಲಿ ನೋನಿ ಹಾಡು ಗುನುಗುತ್ತ ರೊಟ್ಟಿ ಕೊಯ್ಯುತ್ತಿದ್ದಳು.

"ಕ್ರಿಮಿ ಎಲ್ಲಿಂದ ಬಂತೋ ಗೊತ್ತಿಲ್ಲ, ಕರುಗಳಿಂದ್ಲೂ ಬರಬಹುದು ಅಂತಿದ್ದಾರೆ ಸಂಸ್ಥೆಯವ್ರು" ಎಂದಳು ಗ್ರಾನ್ಯ.

"ನಮ್ಮನೇಲಿರೋದು ಒಂದು ಬೆಕ್ಕು."

ಗ್ರಾನ್ಯ ದನಿ ತಗ್ಗಿಸಿದಳು. "ಅವರು ನಲ್ಲಿ ನೀರು ಕುಡಿದಿದ್ರಾ? ಹೌದು ಅಂತ ನೀವೊಂದು ಮಾತು ಹೇಳಿದ್ರೆ ನಾನು ಬರೀತೀನಿ. ಒಂದು ಜೀವ ಹೋಗಿದೆ ಅಂದ್ಮೇಲೆ ಮುಂದಿನ ವರ್ಷ ಅನ್ನೋಕೆ ಅವ್ರಿಗೆ ಬಾಯಿ ಬರಲ್ಲ."

ಇಷ್ಟು ವರ್ಷ ಸಭಾಭವನದಲ್ಲಿ ಎದ್ದು ನಿಂತು ಬೇಡಿದ್ದು ಈಗ ಕೈಗೆಟುಕುವಷ್ಟು ಹತ್ತಿರ ಬಂದು ಕೂತಿತ್ತು.

"ಯಾರು ಕೊಟ್ರು ಅಂತ ಕೇಳ್ತಾರಾ?"

"ಕೇಳ್ತಾರೆ" ಎಂದಳು ಗ್ರಾನ್ಯ. ಸುಳ್ಳು ಹೇಳುವ ಪೈಕಿಯಲ್ಲ. "ಕುದಿಸಿ ಅಂತ ಹೇಳಿದ್ವಿ, ಮನೆಯವ್ರೇ ಕೊಟ್ರು ಅಂತಾರೆ. ಪತ್ರಿಕೆಯವ್ರೂ ಬಿಡಲ್ಲ."

ಒಳಗಿನಿಂದ ನೋನಿ ಕೂಗಿದಳು: "ಡೀಲಿಯಾ, ಮೇಡಂಗೆ ಬೆಣ್ಣೆ ಜಾಸ್ತಿ ಹಾಕ್ಲೇನೇ? ಪಾಪ, ಗಾಳಿಗೆ ಹಾರಿಹೋಗೋ ಹಾಗಿದ್ದಾರೆ."

"ಹಾಕು, ಹಾಕು" ಎಂದಳು ಡೀಲಿಯಾ. ಆಮೇಲೆ ಗ್ರಾನ್ಯಳ ಕಡೆ ತಿರುಗಿದಳು. "ಇಲ್ಲಮ್ಮ. ನಮ್ಮನೇಲಿ ಕುದಿಸದ ನೀರು ಯಾರೂ ಯಾರಿಗೂ ಕೊಟ್ಟಿಲ್ಲ."

ಗ್ರಾನ್ಯ ಅವಳ ಮುಖವನ್ನೇ ನೋಡಿದಳು, ಅಡಿಗೆಮನೆಯ ಕಡೆಗೊಮ್ಮೆ ನೋಡಿದಳು, ಪೆನ್ನು ಒಳಗಿಟ್ಟಳು. ರೊಟ್ಟಿ ತಿಂದೇ ಹೋದಳು.

ಇಲಾಖೆಯ ಆ ಸಲದ ವರದಿಯಲ್ಲಿ ಕಿಲ್‌ಡರ್ರಾದ ಹೆಸರಿತ್ತು, ಪಕ್ಕದಲ್ಲಿ ಹೊಸ ಘಟಕಕ್ಕೆ ಇನ್ನೊಂದು ವರ್ಷದ ಗಡುವು. ಸಾವಿನ ಸುದ್ದಿಯೇ ಇರಲಿಲ್ಲ. ಡೀಲಿಯಾ ಸಭೆಗೆ ಹೋಗಲಿಲ್ಲ. ಅವಳಿಲ್ಲದೆ ಸಭೆ ಬೇಗ ಮುಗಿಯಿತು ಅಂತ ನೋನಿಯೇ ಬಂದು ಹೇಳಿದಳು.

ನಲ್ಲಿ ಬಿಟ್ಟ ಸದ್ದು ಕೇಳಿದರೆ ಡೀಲಿಯಾಳಿಗೆ ಆ ಮನೆಯಲ್ಲಿ ಕೂರಲಾಗುತ್ತಿರಲಿಲ್ಲ. ಮನೆ ಜಿಲ್ಲಾ ಆಡಳಿತದವರು ಬಾಡಿಗೆಗೆ ಕೊಟ್ಟದ್ದು; ಬೀಗದ ಕೈಯನ್ನು ಅವರಿಗೇ ಒಪ್ಪಿಸಿ, ಪಕ್ಕದ ಜಿಲ್ಲೆಯ ಅಕ್ಕನ ಮನೆಗೆ ಹೊರಟು ನಿಂತಳು. ಜಗ್ಗು ಕಪಾಟಿನಲ್ಲಿ ಬೋರಲು ಬಿದ್ದಿತ್ತು, ಅದನ್ನು ಮುಟ್ಟಲಿಲ್ಲ. ಕೆಟಲನ್ನು ನೋನಿಯ ಕೈಗಿಟ್ಟಳು.

"ನಂಗ್ಯಾಕೇ ಇದು? ನಮ್ಮನೇಲಿಲ್ವಾ?"

"ಅದು ಚಹಾಕ್ಕೆ. ಇದು ಬರೀ ನೀರಿಗಿರ್ಲಿ."

"ಹೋಗೋ ಹೊತ್ತಲ್ಲೂ ನಿನ್ನ ನೀರಿನ ಹುಚ್ಚು ಬಿಡ್ಲಿಲ್ವಲ್ಲೇ!" ನೋನಿ ನಗುತ್ತಲೇ ಕಣ್ಣೊರೆಸಿಕೊಂಡಳು. "ಒಂದು ಲೋಟ ನೀರಾದ್ರೂ ಕುಡ್ಕೊಂಡು ಹೋಗು, ದಾರಿ ದೂರ."

"ಬೇಡ ಕಣೇ" ಎಂದಳು ಡೀಲಿಯಾ. ಗೆಳತಿಯ ಒದ್ದೆ ಕೈಯನ್ನು ಒಮ್ಮೆ ಒತ್ತಿ ಹಿಡಿದು, ಬಿಟ್ಟು, ಹೊಸಿಲು ದಾಟಿದಳು. ಹೊರಗೆ ಮಳೆ ಹನಿಯುತ್ತಿತ್ತು. ಅಂಗಡಿ ಬಾಗಿಲಿಂದ ಯಾರೂ ಏನೂ ಕೂಗಲಿಲ್ಲ.