ಎಡಗಡೆ ಕಾಣದ ಎರಡು ಗಾಡಿಗಳು

ಕ್ಲಚ್ ಮೇಷ್ಟ್ರು ಅಹಂಕಾರಿ. ಇದನ್ನು ಸುತ್ತುಬಳಸಿ ಹೇಳುವ ಅಗತ್ಯವಿಲ್ಲ. ಅರ್ಧ ಊರಿಗೆ ಗಾಡಿ ಓಡಿಸುವುದನ್ನು ಕಲಿಸಿದ ಮನುಷ್ಯ, ಆ ಅರ್ಧ ಊರಿನಲ್ಲಿ ಒಬ್ಬರಿಗೂ ಓಡಿಸಲು ಬರುವುದಿಲ್ಲವೆಂದು ನಂಬಿದ್ದರು. ಕಲಿಯುವವರ ಪಕ್ಕ ಕೂತು "ಕ್ಲಚ್! ಕ್ಲಚ್!" ಎಂದು ಅರಚಿ ಅರಚಿಯೇ ಆ ಹೆಸರು ಬಂದದ್ದು. ಬಸ್ಸು ಹತ್ತಿದರೂ ಡ್ರೈವರಿನ ಹಿಂದೆಯೇ ಕೂತು, ಅವನು ಗೇರು ಬದಲಿಸಿದಾಗಲೆಲ್ಲ ಲೊಚಗುಟ್ಟುತ್ತಿದ್ದರು.

ಹೆಂಡತಿ ಔಷಧದ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಮದುವೆಯಾದ ಹೊಸತರಲ್ಲಿ ಗಂಡನಿಂದಲೇ ಕಲಿತು ಲೈಸೆನ್ಸ್ ತೆಗೆದುಕೊಂಡವಳು, ಒಂದು ದಿನ ನಡುರಸ್ತೆಯಲ್ಲಿ ಅವರ ಬೈಗುಳ ತಾಳದೆ ಇಳಿದು ನಡೆದುಕೊಂಡೇ ಮನೆ ಸೇರಿದ್ದಳು. ಹಿಂದಿನ ಗಾಡಿಗಳೆಲ್ಲ ಹಾರ್ನ್ ಬಾರಿಸಿ ತನ್ನ ಮೆರವಣಿಗೆ ಮಾಡಿದವು ಎಂದು ಹೇಳಿಕೊಂಡು ನಗುತ್ತಿದ್ದಳು. ಆಮೇಲೆ ಅವರ ಎದುರಿಗೆ ಸ್ಟಿಯರಿಂಗ್ ಮುಟ್ಟಲಿಲ್ಲ. ತಂಗಿಯ ಊರಿಗೆ ಹೋದಾಗ ಮಾತ್ರ ತಂಗಿಯ ಗಾಡಿ ಓಡಿಸಿ ಕೈಚಳಕ ಉಳಿಸಿಕೊಂಡಿದ್ದಳು. ಮೇಷ್ಟ್ರಿಗೆ ಇದು ಗೊತ್ತಿರಲಿಲ್ಲ.

ಮನೆಯ ಹಳೆ ಕಾರು ಕೈಕೊಟ್ಟಿತು. ತಗ್ಗಿನ ಸೀಟಿನಿಂದ ಏಳುವುದಕ್ಕೆ ಅವಳ ಮೊಣಕಾಲು ಬಿಡುತ್ತಿರಲಿಲ್ಲವಾದ್ದರಿಂದ ಎತ್ತರದ ಗಾಡಿಯೇ ಆಗಬೇಕು ಎಂದಾಯಿತು. ಹಳೆ ಗಾಡಿ ಮಾರುವ ದಲ್ಲಾಳಿಯ ಅಂಗಳದಲ್ಲಿ ಎರಡು ಸಣ್ಣ ಎಸ್‌ಯುವಿಗಳಿದ್ದವು, ಒಂದು ಬಿಳಿ, ಒಂದು ಕಂದು. ದಲ್ಲಾಳಿಯೂ ಮೇಷ್ಟ್ರ ಶಿಷ್ಯನೇ.

"ಬನ್ನಿ ಮೇಷ್ಟ್ರೇ, ಎಷ್ಟು ಬೇಕೋ ಅಷ್ಟು ಬೈರಿ. ಎರಡು ಗಾಡೀನೂ ನನ್ ಥರ, ತಡ್ಕೊಳ್ತವೆ."

"ಈಗ್ಲೂ ಕ್ಲಚ್ ಮೇಲೆ ಕಾಲಿಟ್ಕೊಂಡೇ ಓಡಿಸ್ತೀಯೇನೋ?"

"ನೀವು ಬರ್ತೀರಾ ಅಂತ ಗೊತ್ತಾದ್ರೆ ಎರಡೂ ಕಾಲು ಸೀಟಿನ ಮೇಲೆ ಮಡಚಿ ಕೂತ್ಕೋತೀನಿ."

ಮೇಷ್ಟ್ರು ಮೊದಲು ಬಿಳಿಯದನ್ನು ಹೊರಡಿಸಿದರು. ಹೆಂಡತಿ ಹಿಂದೆ ಕೂತಳು. ಮಾರುಕಟ್ಟೆಯ ತಿರುವಿನಲ್ಲಿ ಎಡಗಡೆಯ ಕನ್ನಡಿ ನಿಂತಿದ್ದ ತಳ್ಳುಗಾಡಿಯೊಂದನ್ನು ಸವರಿತು. "ಇದರ ಮುಂಗಾಜಿನ ಎಡಗಡೆ ಕಂಬ ಹೆಬ್ಬಾಗಿಲಿನಷ್ಟು ದಪ್ಪ. ಏನೂ ಕಾಣಲ್ಲ," ಎಂದು ತೀರ್ಪು ಕೊಟ್ಟರು ಮೇಷ್ಟ್ರು. ಕಂದು ಗಾಡಿಯ ಎಡಚಕ್ರ ಅಂಚೆ ಕಚೇರಿಯ ಮುಂದಿನ ಫುಟ್‌ಪಾತ್ ಹತ್ತಿ ಧಡಕ್ಕೆಂದು ಇಳಿಯಿತು. "ಇದೂ ಅದೇ ಹಣೆಬರಹ. ಈಗಿನವರಿಗೆ ಗಾಡಿ ಕಟ್ಟೋಕೆ ಬರಲ್ಲ," ಎಂದರು.

ಅಂಗಳಕ್ಕೆ ಮರಳಿದ ಮೇಲೆ ಮೇಷ್ಟ್ರು ಬಾನೆಟ್ ಎತ್ತಿ ಇಂಜಿನ್ನಿಗೆ ಕಿವಿಗೊಟ್ಟು ನಿಂತರು. ಅಷ್ಟರಲ್ಲಿ ಅವಳು ಎರಡರ ಸ್ಟಿಯರಿಂಗ್ ಮುಂದೂ ಕೂತು ನೋಡಿದಳು. ಬಿಳಿಯದರಲ್ಲಿ ಎಡಗಡೆ ಕ್ಷೌರದಂಗಡಿಯ ಬೋರ್ಡಿನವರೆಗೂ ಕಾಣುತ್ತಿತ್ತು. ಕಂದು ಗಾಡಿಯಲ್ಲೂ ಅಷ್ಟೇ. ಪಕ್ಕದಲ್ಲಿ ಏನೂ ಕಾಣಲ್ಲ ಎನ್ನುವುದು, ಔಷಧದಂಗಡಿಗೆ ಕಣ್ಣಿನ ಹನಿ ಕೊಳ್ಳಲು ಬರುವವರು ಕೌಂಟರಿಗೆ ಮೊಣಕೈ ಊರಿ ಹೇಳುವ ಮಾತು. ಈಚೆಗೆ ಮೇಷ್ಟ್ರು ತಟ್ಟೆಯ ಎಡಕ್ಕಿಟ್ಟ ಲೋಟ ಬೀಳಿಸಿದಾಗಲೆಲ್ಲ "ಕೈಯಲ್ಲಿ ಜೀವ ಇಲ್ವಾ?" ಎಂದು ಅವಳೇ ಗದರಿದ್ದಳು.

ಊಟಕ್ಕೆ ಕೂತಾಗ ಮಾತು ತೆಗೆದಳು.

"ರೀ, ಅವೆರಡೂ ಬೇರೆ ಬೇರೆ ಕಂಪನಿಯ ಗಾಡಿ."

"ನಂಗೇ ಹೇಳ್ಕೊಡ್ತೀಯಾ?"

"ಎರಡಕ್ಕೂ ಎಡಗಡೆ ಕಾಣಲ್ಲ ಅಂದ್ರಲ್ಲ. ನಾನು ಕೂತು ನೋಡ್ದೆ. ಕಾಣುತ್ತೆ."

"ನೀನು ಕುಳ್ಳಿ. ನಿನ್ನ ನೋಟಾನೇ ಬೇರೆ."

ಅವಳು ಎದ್ದು ಅವರ ಎಡಕ್ಕೆ ಹೋಗಿ ನಿಂತಳು. "ನೆಟ್ಟಗೆ ಮುಂದೆ ನೋಡ್ತಾ ಇರಿ. ನನ್ನ ಕೈ ಕಂಡಾಗ ಹೇಳಿ."

"ಕೈ ಎತ್ತಿದ್ರೆ ತಾನೇ ಹೇಳೋದು!"

ಕೈ ಅವರ ಎಡಗೆನ್ನೆಯ ಮುಂದೆಯೇ ಇತ್ತು. ಅವಳು ಬೆರಳು ಆಡಿಸುತ್ತಲೇ ಇದ್ದಳು. ಮೇಷ್ಟ್ರು ಮುಖ ತಿರುಗಿಸಿದರು, ಕೈ ಕಂಡಿತು. ಆಮೇಲೆ ಇಬ್ಬರೂ ಊಟ ಮಾಡಲಿಲ್ಲ.

ಕಣ್ಣಿನ ಡಾಕ್ಟರು ಸಾವಧಾನವಾಗಿಯೇ ಹೇಳಿದರು: ಎಡಗಣ್ಣಿನ ನರ ಒಣಗಿದೆ, ಹೋದದ್ದು ಹಿಂದಕ್ಕೆ ಬರುವುದಿಲ್ಲ, ಬಲಗಣ್ಣಿನಲ್ಲೂ ಶುರುವಾಗಿದೆ. ಹನಿ ಹಾಕಿಕೊಂಡು ಇರುವುದನ್ನು ಕಾಪಾಡಿಕೊಳ್ಳಬೇಕು. ಗಾಡಿ ಓಡಿಸಬಾರದು.

"ಪಕ್ಕದಲ್ಲಿ ಕೂತು ಕಲಿಸಬಹುದಲ್ಲ?" ಎಂದರು ಮೇಷ್ಟ್ರು. ಪಾಠ ತಪ್ಪಿದ ಶಿಷ್ಯನ ದನಿ ಅದು. ಹೆಂಡತಿ ಅದನ್ನು ಅವರ ಬಾಯಲ್ಲಿ ಎಂದೂ ಕೇಳಿರಲಿಲ್ಲ.

"ಕಲಿಯೋರು ತಪ್ಪು ಮಾಡಿದ್ರೆ ನೋಡ್ಬೇಕಾದೋರು ನೀವೇ ಅಲ್ವಾ?" ಎಂದರು ಡಾಕ್ಟರು.

ಮೇಷ್ಟ್ರ ಡ್ರೈವಿಂಗ್ ಶಾಲೆ ಅಲ್ಲಿದ್ದ ಸಹಾಯಕನ ಪಾಲಾಯಿತು. ಮೇಷ್ಟ್ರು ಕಿಟಕಿಯ ಬಳಿ ಕುರ್ಚಿ ಹಾಕಿಕೊಂಡು, ಬೀದಿಯಲ್ಲಿ ಹೋಗುವ ಗಾಡಿಗಳನ್ನು ಕಿವಿಯಿಂದಲೇ ಬೈಯುತ್ತ ಕೂತರು. ಬರಬರುತ್ತ ಅದೂ ನಿಂತಿತು. ಬೈಯುತ್ತಿದ್ದರೇ ಚೆನ್ನಾಗಿತ್ತು ಎಂದು ಅವಳಿಗೆ ಅನ್ನಿಸತೊಡಗಿತು. ಹನಿ ಹಾಕುವಾಗ ಮಗುವಿನಂತೆ ಮುಖವೆತ್ತುತ್ತಿದ್ದರು, ಹಾಕಿದ ಮೇಲೆ ಗೋಡೆಯ ಕಡೆಗೆ ತಿರುಗುತ್ತಿದ್ದರು.

ಒಂದು ರಜೆಯ ದಿನ ಅವಳು ದಲ್ಲಾಳಿಗೆ ಫೋನು ಮಾಡಿ ಬಿಳಿ ಗಾಡಿ ತರಿಸಿದಳು.

"ಕಂದು ಗಾಡಿ ಇಂಜಿನ್ ಗಟ್ಟಿ," ಎಂದರು ಮೇಷ್ಟ್ರು, ಕುರ್ಚಿ ಬಿಡದೆ.

"ಬಿಳೀದ್ರ ಸೀಟು ಎತ್ತರ. ಓಡಿಸೋಳು ನಾನು."

"ಮತ್ತೆ ನನ್ನನ್ಯಾಕೆ ಕೇಳ್ತೀಯ?"

"ಕೇಳ್ತಾ ಇಲ್ಲ, ಹೇಳ್ತಾ ಇದೀನಿ. ಎದ್ದು ಬನ್ನಿ."

ದಲ್ಲಾಳಿ ಅವಳ ಪಕ್ಕ ಕೂತ. ಮೇಷ್ಟ್ರು ಬಾಗಿಲು ತಡವರಿಸಿ ಹಿಂದಿನ ಸೀಟಿಗೆ ಹತ್ತಿದರು. ಎಷ್ಟೋ ವರ್ಷಗಳ ನಂತರ ಅವಳು ಅವರ ಎದುರಿಗೆ ಓಡಿಸುತ್ತಿದ್ದಳು. ಸೇತುವೆಯ ಏರಿನಲ್ಲಿ, ಲಾರಿಯೊಂದರ ಹಿಂದೆ, ಗಾಡಿ ಗಕ್ಕನೆ ಆಫ್ ಆಗಿ ಹಿಂದಕ್ಕೆ ಜಾರತೊಡಗಿತು. ಹ್ಯಾಂಡ್‌ಬ್ರೇಕ್ ಎಳೆದಳು. ದಲ್ಲಾಳಿ ಹಳೆಯ ಅಭ್ಯಾಸದಿಂದ ಹೆಗಲು ಕುಗ್ಗಿಸಿಕೊಂಡು, ಹಿಂದಿನಿಂದ ಬರಬೇಕಾದ ಅರಚಾಟಕ್ಕೆ ಕಾದ. ಅವಳೂ ಕಾದಳು.

ಏನೂ ಬರಲಿಲ್ಲ. ಕನ್ನಡಿಯಲ್ಲಿ ನೋಡಿದಳು. ಮೇಷ್ಟ್ರು ಕನ್ನಡಕ ತೆಗೆದು ಅಂಗಿಯ ಜೇಬಿಗೆ ಹಾಕಿಕೊಂಡರು, ತಲೆಯನ್ನು ಸೀಟಿಗೆ ಒರಗಿಸಿ ಕಣ್ಣು ಮುಚ್ಚಿದರು.

ನಿದ್ದೆಯಲ್ಲ ಅದು, ರೆಪ್ಪೆ ಅದುರುತ್ತಿತ್ತು. ಅವಳು ಮತ್ತೆ ಸ್ಟಾರ್ಟ್ ಮಾಡಿದಳು. ಗಾಡಿ ಒಮ್ಮೆ ಜಗ್ಗಿ, ಮೆಲ್ಲಗೆ ಏರು ಹತ್ತಿತು. ನೋಡುವ ಕೆಲಸವನ್ನು ಅವಳಿಗೇ ಬಿಟ್ಟವರಂತೆ ಮೇಷ್ಟ್ರು ಕಣ್ಣು ತೆರೆಯಲಿಲ್ಲ.